ಚಾಕೊಲೇಟ್ ಸಿಸ್ಟ್ ಉಂಟು, ಆಪರೇಷನ್ ಮೊದಲಾ ಎಗ್ ಫ್ರೀಜಿಂಗ್ ಮೊದಲಾ? ರೀಲ್ಸ್‌ನಲ್ಲಿ ಸಿಗದ ಮಾಹಿತಿ ಇಲ್ಲಿ ಹಾಕಿ (ಮಂಗಳೂರು–ಉಡುಪಿ)

ಕದ್ರಿಗುಡ್ಡೆ
ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ; ಅದರಿಂದ ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗಂಟಾದ್ರೆ ಅದೇ ಚಾಕೊಲೇಟ್ ಸಿಸ್ಟ್) ಅಂತ ಒಂದು ಸಲ ಹುಡುಕಿದ್ರೆ ಸಾಕು, ಆಮೇಲೆ ಫೋನ್ ತೆಗೆದಾಗೆಲ್ಲ ಎಗ್ ಫ್ರೀಜಿಂಗ್ (ಅಂಡಾಣು ತೆಗೆದು ಮುಂದಿನ ಬಳಕೆಗೆ ಹೆಪ್ಪುಗಟ್ಟಿಸಿ ಇಡುವುದು) ರೀಲ್ಸೇ. ಕೆಲವು ಸೆಂಟರ್‌ಗಳ ಜಾಹೀರಾತು. ಕೆಲವು ಅಮೆರಿಕ, ಇಂಗ್ಲೆಂಡಿನವರು ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳುವ ವಿಡಿಯೊ. ಉಳಿದದ್ದು ಸಿಸ್ಟ್ ಕರಗಿಸುವ ಕಷಾಯದವರದ್ದು. ಫ್ರೀಜ್ ಮಾಡ್ಬಹುದು ಅಂತ ಈಗ ಸುಮಾರು ಜನರಿಗೆ ಗೊತ್ತುಂಟು. ಯಾರಿಗೆ ಬೇಕು, ಯಾವಾಗ ಮಾಡ್ಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವಿಷಯ ಗೊತ್ತಿರುವವರು ಬರೀರಿ. ಸ್ವಂತ ಕಥೆ, ರಿಪೋರ್ಟಿನ ಫೋಟೊ, ಡಾಕ್ಟರ ಹೆಸರು ಬೇಡ.

ಓಟಿ_ಹಸಿರು
ಆಪರೇಷನ್ ತಾರೀಖು ಬರೆಸುವ ಮೊದಲೇ ಆಗಬೇಕಾದ ಮಾತು ಇದು. ಮಾಡಿಸುವುದು ಬಿಡುವುದು ಆಮೇಲೆ. ಮಾತು ಮಾತ್ರ ಮೊದಲೇ ಆಗ್ಬೇಕು.

ಕಾರಣ ಹೇಳ್ತೇನೆ. ಅಂಡಾಶಯದ ಹೊರಪದರ ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೆ. ಹುಟ್ಟುವಾಗಲೇ ಬಂದ ಅಂಡಾಣುಗಳ ದಾಸ್ತಾನು ಇರುವುದು ಅದರಲ್ಲೇ. ಚಾಕೊಲೇಟ್ ಸಿಸ್ಟಿನ ಗೋಡೆ ಈ ಪದರಕ್ಕೆ ಕಚ್ಚಿಕೊಂಡಿರ್ತದೆ, ಮಧ್ಯೆ ಸರಿಯಾದ ಗಡಿ ಇರುವುದಿಲ್ಲ. ಹಲಸಿನ ಸೊಳೆ ಬಿಡಿಸುವಾಗ ರಚ್ಚೆಯ ಜತೆ ಒಳ್ಳೆ ಸೊಳೆಯ ತುಂಡೂ ಕಿತ್ತು ಬರ್ತದಲ್ಲ, ಹಾಗೆ ಸಿಸ್ಟ್ ಸುಲಿಯುವಾಗ ಆರೋಗ್ಯದ ಭಾಗವೂ ಸ್ವಲ್ಪ ಬಂದೇ ಬರ್ತದೆ, ಕೈ ಎಷ್ಟೇ ಪಳಗಿದ್ದರೂ. ಮತ್ತೆ ರಕ್ತ ನಿಲ್ಲಿಸಲಿಕ್ಕೆ ಕರೆಂಟು ಕೊಟ್ಟು ಸುಡ್ತಾರೆ. ಆ ಬಿಸಿ ಸುತ್ತಲಿನ ಅಂಡಾಣುಗಳಿಗೂ ತಾಗ್ತದೆ. ಹೊಲಿಗೆ ಹಾಕಿ ಅಥವಾ ರಕ್ತ ನಿಲ್ಲಿಸುವ ಜೆಲ್ ಬಳಸಿ ನಿಲ್ಲಿಸಿದ್ರೆ ಹಾನಿ ಕಡಿಮೆ. 'ಡಾಕ್ಟ್ರೇ, ರಕ್ತ ಹೇಗೆ ನಿಲ್ಲಿಸ್ತೀರಿ?' ಅಂತ ಕೇಳಲಿಕ್ಕೆ ಸಂಕೋಚ ಬೇಡ.

ಒಂದೇ ಬದಿಯ ಚಿಕ್ಕ ಸಿಸ್ಟ್, ಎಎಂಎಚ್ (ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಹೇಳುವ ರಕ್ತಪರೀಕ್ಷೆ) ಚೆನ್ನಾಗಿ ಉಂಟು ಅಂದ್ರೆ ಅಪಾಯ ಕಡಿಮೆ. ಎರಡೂ ಬದಿಯಲ್ಲಿ ಸಿಸ್ಟ್ ಇದ್ರೆ ಅಥವಾ ಒಮ್ಮೆ ತೆಗೆದ ಕಡೆಯೇ ಎರಡನೇ ಆಪರೇಷನ್ ಆಗುವುದಾದ್ರೆ ಲೆಕ್ಕ ಬೇರೆ. ಎರಡೂ ಬದಿ ಒಟ್ಟಿಗೆ ಸುಲಿದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಅಂಡಾಶಯದ ಕೆಲಸ ಪೂರ್ತಿ ನಿಂತುಹೋದ ವರದಿಗಳಿವೆ. ಯುರೋಪಿನ ತಜ್ಞರ ಸಂಘ ಎಶ್ರೆ 2022ರ ಮಾರ್ಗಸೂಚಿಯಲ್ಲಿ, ಅಂಡಾಶಯದಲ್ಲಿ ಕಾಯಿಲೆ ಹೆಚ್ಚು ಹಬ್ಬಿದ್ದರೆ ಫಲವತ್ತತೆ ಉಳಿಸಿಕೊಳ್ಳುವ ದಾರಿಗಳ ಸಾಧಕ ಬಾಧಕ ಚರ್ಚಿಸಬೇಕು ಅಂತಲೇ ಹೇಳಿದೆ. 'ಚರ್ಚಿಸಬೇಕು' ಅಂತ, 'ಎಲ್ಲರಿಗೂ ಮಾಡಿಸಿ' ಅಂತ ಅಲ್ಲ. ಜಾಹೀರಾತಿನವರು ಈ ಎರಡನೇ ಅರ್ಧವನ್ನು ಸಲೀಸಾಗಿ ನುಂಗಿಬಿಡ್ತಾರೆ.

ಕಾಯಬಾರದ ಸಂದರ್ಭಗಳೂ ಉಂಟು. ಸಿಸ್ಟಿನ ಒಳಗೆ ಗಟ್ಟಿ ಭಾಗ ಕಾಣಿಸಿ ಅದರಲ್ಲಿ ರಕ್ತ ಹರಿಯುತ್ತಿದ್ರೆ ಕ್ಯಾನ್ಸರ್ ಅಲ್ಲ ಅಂತ ಮೊದಲು ಖಚಿತ ಆಗ್ಬೇಕು. ಮೂತ್ರನಾಳ ಒತ್ತಿ ಕಿಡ್ನಿ ಊದಿದ್ರೆ, ಕರುಳು ಕಟ್ಟಿಕೊಳ್ಳುತ್ತಿದ್ರೆ, ಅಲ್ಲಿ ಫ್ರೀಜಿಂಗ್‌ಗಾಗಿ ತಿಂಗಳು ದೂಡುವುದು ಸರಿಯಲ್ಲ.

ಪಡುಬಿದ್ರಿ_ಪಡುವಣ
ಎಎಂಎಚ್ ಎಷ್ಟಿದ್ರೆ ಒಳ್ಳೆಯದು? 'ಮನೆಯಲ್ಲೇ ಎಎಂಎಚ್ ಕಿಟ್, ನಿಮ್ಮ ಫಲವತ್ತತೆ ಅಳೆಯಿರಿ' ಅಂತ ಒಂದು ರೀಲ್ ಓಡ್ತಾ ಉಂಟಲ್ಲ.

ಸ್ಕ್ಯಾನ್_ರೂಮು
ಎಎಂಎಚ್ ಹೇಳುವುದು ಅಂಡಾಣು ಸುಮಾರು ಎಷ್ಟು ಉಳಿದಿರಬಹುದು ಅಂತ ಮಾತ್ರ. ಅವುಗಳ ಗುಣಮಟ್ಟ ಹೇಳುವುದಿಲ್ಲ, ಸಹಜವಾಗಿ ಬಸುರಿ ಆಗ್ತಾರಾ ಇಲ್ವಾ ಅಂತಲೂ ಹೇಳುವುದಿಲ್ಲ. ಇಂಜೆಕ್ಷನ್ ಕೊಟ್ರೆ ಎಷ್ಟು ಅಂಡಾಣು ಸಿಗಬಹುದು ಅನ್ನುವ ಅಂದಾಜಿಗೆ ಅದು ಒಳ್ಳೆಯದು. 1.2ಕ್ಕಿಂತ ಕಡಿಮೆ ಇದ್ರೆ ಕಡಿಮೆ ಸಿಗುವ ಗುಂಪು ಅಂತ ಲೆಕ್ಕ. ಇದು ನ್ಯಾನೊಗ್ರಾಂನಲ್ಲಿ. ಕೆಲವು ಲ್ಯಾಬಿನವರು ಪಿಕೊಮೋಲ್‌ನಲ್ಲಿ ಕೊಡ್ತಾರೆ, ಅದನ್ನು 7.14ರಿಂದ ಭಾಗಿಸಿ ನೋಡ್ಬೇಕು. ವಿದೇಶಿ ವಿಡಿಯೊದಲ್ಲಿ 'ನನ್ನದು ಹದಿನಾಲ್ಕು' ಅಂತ ಕೇಳಿ ಇಲ್ಲಿ ತನ್ನ ಎರಡನ್ನು ನೋಡಿ ಹೆದರುವವರು ಇದಕ್ಕೇ. ಎರಡೂ ಹತ್ತಿರ ಹತ್ತಿರ ಒಂದೇ.

ತಿಂಗಳ ಯಾವ ದಿನ ರಕ್ತ ಕೊಟ್ಟರೂ ಆಗ್ತದೆ. ಆದರೆ ಗರ್ಭನಿರೋಧಕ ಮಾತ್ರೆ ತಿನ್ನುವವರಲ್ಲಿ ಎಎಂಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಯಾವ ಮಾತ್ರೆ, ಎಷ್ಟು ಸಮಯದಿಂದ ಅಂತ ಡಾಕ್ಟರಿಗೆ ಹೇಳಿ. ಎಂಡೊಮೆಟ್ರಿಯೋಸಿಸ್ ನೋವಿಗೆ ಕೊಡುವ ಹಾರ್ಮೋನ್ ಮಾತ್ರೆ ಡೈನೋಜೆಸ್ಟ್ ತಿಂತಾ ಇದ್ರೆ ಅದನ್ನೂ ಹೇಳಿ. ಆಪರೇಷನ್ ಆದವರು ವಾರದೊಳಗೆ ಎಎಂಎಚ್ ಮಾಡಿಸಿ ಅಳುವುದು ಬೇಡ. ಮೊದಲು ಇಳಿದು ಆಮೇಲೆ ಸ್ವಲ್ಪ ಏರಬಹುದು, ಮೂರರಿಂದ ಆರು ತಿಂಗಳು ಬಿಟ್ಟು ನೋಡಿದ್ರೆ ಅರ್ಥ ಉಂಟು.

ಇದರ ಜತೆ ಎಎಫ್‌ಸಿ ಬೇಕು, ಅಂದ್ರೆ ಮುಟ್ಟಿನ 2ರಿಂದ 5ನೇ ದಿನದೊಳಗೆ ಒಳಗಿನ (ಯೋನಿಯ ಮೂಲಕ ಮಾಡುವ) ಸ್ಕ್ಯಾನಲ್ಲಿ, ಅಂಡಾಣು ಬೆಳೆಯುವ 2ರಿಂದ 10 ಮಿಲಿಮೀಟರಿನ ಕೋಶಗಳನ್ನು ಎಣಿಸುವುದು. ಸಿಸ್ಟ್ ದೊಡ್ಡದಿದ್ರೆ ಕೋಶಗಳು ಅದರ ಹಿಂದೆ ಮರೆಯಾಗಿ ಲೆಕ್ಕ ತಪ್ಪುತ್ತದೆ. ಹಾಗಾಗಿ ರಕ್ತ, ಸ್ಕ್ಯಾನ್ ಎರಡನ್ನೂ ಒಟ್ಟಿಗೆ ಇಟ್ಟು ಓದ್ಬೇಕು. ಕಿಟ್ ಒಂದೇ ಸಾಲುವುದಿಲ್ಲ.

ಸಿಎ-125 ಅನ್ನುವ ರಕ್ತಪರೀಕ್ಷೆ ಜಾಸ್ತಿ ಬಂದಿದೆ ಅಂತ ಎಂಡೊಮೆಟ್ರಿಯೋಸಿಸ್ ಅಂತಲೋ ಕ್ಯಾನ್ಸರ್ ಅಂತಲೋ ತೀರ್ಮಾನಿಸಬೇಡಿ. ಕಾಯಿಲೆ ಪತ್ತೆಗೆ ಅದು ಬೇಡ ಅಂತ ಮಾರ್ಗಸೂಚಿಯೇ ಹೇಳ್ತದೆ.

ಪಡುಬಿದ್ರಿ_ಪಡುವಣ
ಮದುವೆ ಆಗದ ಹುಡುಗಿಯರಿಗೆ ಒಳಗಿನ ಸ್ಕ್ಯಾನ್ ಮಾಡ್ತಾರಾ? ಮನೆಯವರು ಅಲ್ಲಿಗೇ ಎದ್ದು ಬರ್ತಾರೆ.

ಸ್ಕ್ಯಾನ್_ರೂಮು
ಕೇಳಬೇಕಾದ ಪ್ರಶ್ನೆಯೇ. ಲೈಂಗಿಕ ಸಂಪರ್ಕ ಆಗದವರಿಗೆ ಹೊಟ್ಟೆಯ ಮೇಲಿಂದ ಮೂತ್ರ ತುಂಬಿಸಿಕೊಂಡು ನೋಡ್ತಾರೆ. ಅದು ಸಾಲದಿದ್ರೆ ಒಪ್ಪಿಗೆ ಪಡೆದು ಗುದದ್ವಾರದ ಮೂಲಕ. ಚಿತ್ರ ಒಳಸ್ಕ್ಯಾನಿನಷ್ಟೇ ಸ್ಪಷ್ಟ ಬರ್ತದೆ. ಎಂಆರ್‌ಐ ಕೂಡ ಆಗ್ತದೆ. ಇಷ್ಟು ಸ್ಕ್ಯಾನಿನ ಮಟ್ಟಿಗೆ.

ಅಂಡಾಣು ತೆಗೆಯುವುದು ಮಾತ್ರ ಸಾಮಾನ್ಯವಾಗಿ ಯೋನಿಯ ಮೂಲಕವೇ, ಮಂಪರು ಕೊಟ್ಟು, ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ. ಇದನ್ನು ಮೊದಲ ದಿನವೇ ಹುಡುಗಿಗೆ ಬಿಡಿಸಿ ಹೇಳ್ಬೇಕು, ಅಮ್ಮನಿಗೆ ಹೇಳುವುದು ಹುಡುಗಿ ಒಪ್ಪಿದ್ರೆ. ಹತ್ತು ದಿನ ಇಂಜೆಕ್ಷನ್ ಆದಮೇಲೆ ಟೇಬಲ್ ಹತ್ತಿರ ಈ ವಿಷಯ ಬಂದು ಜಗಳ ಆಗುವುದು ಯಾರಿಗೂ ಬೇಡ.

ಎಂಬ್ರಿಯೊ_ಲ್ಯಾಬು
ಲ್ಯಾಬಿನ ಕಡೆಯಿಂದ ಸಂಖ್ಯೆಗಳು. ರೀಲ್ಸ್‌ನಲ್ಲಿ ಅತಿ ಹೆಚ್ಚು ಮೋಸ ಆಗುವುದು ಇಲ್ಲೇ.

ತೆಗೆದ ಅಂಡಾಣುವೆಲ್ಲ ಫ್ರೀಜ್ ಆಗುವುದಿಲ್ಲ. ಪಕ್ವ ಆದದ್ದು, ನಾವು ಎಂ-2 ಅಂತೇವೆ, ಅದು ಮಾತ್ರ. 12 ತೆಗೆದ್ರೆ 9 ಎಂ-2 ಇರಬಹುದು. ಅವನ್ನು ವಿಟ್ರಿಫಿಕೇಷನ್ ಮಾಡ್ತೇವೆ: ನೀರಿನಂಶ ತೆಗೆದು, ಹರಳು ಕಟ್ಟದ ಹಾಗೆ ಕ್ಷಣದಲ್ಲಿ ತಣಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವುದು. ಕರಗಿಸುವಾಗ ನೂರಕ್ಕೆ 80ರಿಂದ 90 ಬದುಕ್ತವೆ. ಬದುಕಿದ್ದರಲ್ಲಿ ನೂರಕ್ಕೆ ಸುಮಾರು 70 ವೀರ್ಯಾಣು ಸೇರಿ ಫಲಿತ ಆಗ್ತವೆ. ಫಲಿತ ಆದದ್ದರಲ್ಲಿ ಅರ್ಧದಷ್ಟು ಅಥವಾ ಇನ್ನೂ ಕಡಿಮೆ ಐದನೇ ದಿನದ ಭ್ರೂಣ ಆಗ್ತವೆ. ಈಗ ಆ 9ನ್ನು ಹಿಡಿದು ಇಳಿಯಿರಿ: 8 ಬದುಕಿದವು, 5 ಅಥವಾ 6 ಫಲಿತ ಆದವು, 2 ಅಥವಾ 3 ಭ್ರೂಣ. ಅದರಲ್ಲಿ ಪ್ರತಿಯೊಂದೂ ಮಗು ಆಗುವುದಿಲ್ಲ. ಅದಕ್ಕೇ 35ರ ಒಳಗಿನವರಿಗೆ ಒಂದು ಮಗುವಿನ ಒಳ್ಳೆಯ ಸಾಧ್ಯತೆಗೆ 15ರಿಂದ 20 ಪಕ್ವ ಅಂಡಾಣು ಅಂತ ಹೇಳುವುದು. ಎಎಂಎಚ್ ಕಡಿಮೆ ಇರುವ ಎಂಡೊಮೆಟ್ರಿಯೋಸಿಸ್‌ನವರಿಗೆ ಅಷ್ಟು ಸೇರಿಸಲಿಕ್ಕೆ ಒಂದು ಸಲ ಸಾಲದೆ ಎರಡು ಮೂರು ಸಲ ಬೇಕಾಗಬಹುದು.

'80% ಯಶಸ್ಸು' ಅಂತ ಜಾಹೀರಾತು ಕಂಡ್ರೆ ಯಾವುದರ 80 ಅಂತ ಕೇಳಿ. ಕರಗಿಸಿದ ಅಂಡಾಣು ಬದುಕಿದ್ದಾ, ಭ್ರೂಣ ಹಾಕಿದ ಮೇಲೆ ಟೆಸ್ಟ್ ಪಾಸಿಟಿವ್ ಬಂದದ್ದಾ, ಮಗು ಕೈಗೆ ಬಂದದ್ದಾ? ಮೂರಕ್ಕೂ ಅಜಗಜಾಂತರ.

ಎಂಡೊಮೆಟ್ರಿಯೋಸಿಸ್ ಇರುವವರದ್ದೇ ದೊಡ್ಡ ಲೆಕ್ಕ ಬೇಕಾದ್ರೆ ಸ್ಪೇನಿನಿಂದ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು, 485 ಮಂದಿ ಹೆಂಗಸರದ್ದು. ಫ್ರೀಜ್ ಮಾಡಿದ ಅಂಡಾಣುಗಳನ್ನು ವಾಪಸ್ ಬಳಸಿದವರಲ್ಲಿ, 35 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಇಟ್ಟವರಿಗೆ ಮಗು ಆದದ್ದು ನೂರಕ್ಕೆ ಸುಮಾರು 62, ಅದಕ್ಕಿಂತ ಮೇಲಿನವರಿಗೆ ಸುಮಾರು 28. ಚಿಕ್ಕ ವಯಸ್ಸಿನವರಲ್ಲಿ ಮೊದಲೇ ಸಿಸ್ಟ್ ಆಪರೇಷನ್ ಆಗಿದ್ದವರ ಫಲಿತಾಂಶ ಆಗದವರಿಗಿಂತ ಕೆಳಗೆ. ಓಟಿ_ಹಸಿರು ಮೇಲೆ ಹೇಳಿದ್ದಕ್ಕೆ ಇದು ಕೂಡ್ತದೆ.

ಬಲ್ಮಠ_ಬಸ್‌ಸ್ಟಾಪ್
ಹಾಗಾದ್ರೆ 25ಕ್ಕೇ ಎಲ್ಲರೂ ಫ್ರೀಜ್ ಮಾಡಿಸಿಬಿಡುವುದು ಒಳ್ಳೆಯದಲ್ವಾ?

ಓಟಿ_ಹಸಿರು
ಇಲ್ಲ ಮಾರಾಯ್ರೆ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಸುಮಾರು ಮಂದಿಗೆ ಏನೂ ಮಾಡದೆಯೇ ಮಕ್ಕಳಾಗ್ತವೆ. ಅಂಡಾಶಯದಲ್ಲಿ ಸಿಸ್ಟೇ ಇಲ್ಲದೆ ಹೊಟ್ಟೆಯೊಳಪದರದಲ್ಲಿ ಮಾತ್ರ ಚುಕ್ಕೆ ಚುಕ್ಕೆ ಇರುವವರಿಗೆ, ಎಎಂಎಚ್ 4 ಇರುವ 24ರ ಹುಡುಗಿಗೆ, ಇದು ದುಡ್ಡು ಹಾಗೂ ಸೂಜಿ ಎರಡೂ ದಂಡ ಆಗಬಹುದು. ಎರಡೂ ಬದಿ ಸಿಸ್ಟ್, ಮೊದಲೇ ಒಂದು ಆಪರೇಷನ್ ಆಗಿದೆ, ಎಎಂಎಚ್ ವರ್ಷ ವರ್ಷ ಇಳೀತಾ ಉಂಟು, ಮಗು ಸದ್ಯಕ್ಕಿಲ್ಲ: ಇಂಥವರಿಗೆ ಲಾಭ ಹೆಚ್ಚು.

ಇದರ ಎದುರು ತುದಿಯಲ್ಲಿ ಇನ್ನೊಂದು ಉಪದೇಶ: 'ಬೇಗ ಮದುವೆ ಮಾಡಿಸಿ, ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ.' ಬಸುರಿಯಾದಾಗ ನೋವು ಕೆಲವರಿಗೆ ಕಡಿಮೆ ಆಗ್ತದೆ, ಕಾಯಿಲೆ ಹೋಗುವುದಿಲ್ಲ.

ಕಾಪು_ದೀಪಸ್ತಂಭ
ಇಂಜೆಕ್ಷನ್‌ನಿಂದ ಈಸ್ಟ್ರೊಜೆನ್ ಏರಿ ಎಂಡೊಮೆಟ್ರಿಯೋಸಿಸ್ ಜಾಸ್ತಿ ಆಗ್ತದೆ ಅಂತ ಒಬ್ಬರು ಯೂಟ್ಯೂಬಲ್ಲಿ ಖಡಾಖಂಡಿತ ಹೇಳ್ತಿದ್ರು.

ಓಟಿ_ಹಸಿರು
ಒಂದೆರಡು ವಾರದ ಏರಿಕೆಯಿಂದ ಕಾಯಿಲೆ ಮರುಕಳಿಸುವುದು ಹೆಚ್ಚುತ್ತದೆ ಅಂತ ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ಅಷ್ಟಾದರೂ ಆತಂಕ ಇದ್ರೆ ಲೆಟ್ರೊಜೋಲ್ ಮಾತ್ರೆ ಜತೆಗೆ ಕೊಟ್ಟು ಈಸ್ಟ್ರೊಜೆನ್ ಕೆಳಗೇ ಇಡಬಹುದು. ಅಂಡಾಣು ತೆಗೆದ ಮೇಲೆ ಡೈನೋಜೆಸ್ಟ್ 2 ಮಿಲಿಗ್ರಾಂ ಪುನಃ ಶುರು ಮಾಡ್ತಾರೆ. ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಹೇಳಿಬಿಡ್ತೇನೆ: ಡೈನೋಜೆಸ್ಟ್ ಆಗಲಿ, ತಿಂಗಳಿಗೊಮ್ಮೆ ಕೊಡುವ ಲೂಪ್ರೊಲೈಡ್ ಇಂಜೆಕ್ಷನ್ ಆಗಲಿ ನೋವು ತಡೀತದೆ, ಅಂಡಾಣು ಉಳಿಸುವುದಿಲ್ಲ. ವಯಸ್ಸಿನ ಲೆಕ್ಕ ಒಳಗೆ ನಡೀತಾನೇ ಇರ್ತದೆ.

ಕುಂದಾಪುರ_ಮೆಡಿಕಲ್ಸ್
ಇಂಜೆಕ್ಷನ್ ವಿಷಯ ಕೌಂಟರಿನ ಈಚೆಯಿಂದ ಹೇಳ್ತೇನೆ.

ಸಾಮಾನ್ಯವಾಗಿ 10ರಿಂದ 12 ದಿನ, ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊಟ್ಟೆಯ ಚರ್ಮದಡಿಗೆ ಎಫ್‌ಎಸ್‌ಎಚ್, ಅಂದ್ರೆ ಕೋಶ ಬೆಳೆಸುವ ಹಾರ್ಮೋನ್. ಡೋಸ್ ಹೆಚ್ಚಾಗಿ 150ರಿಂದ 300 ಯೂನಿಟ್ ನಡುವೆ, ಎಎಂಎಚ್ ಮತ್ತು ತೂಕ ನೋಡಿ ಡಾಕ್ಟರು ಬರೀತಾರೆ. ಮುಟ್ಟಿನ ಎರಡನೇ ದಿನಕ್ಕೇ ಕಾಯಬೇಕು ಅಂತಿಲ್ಲ. ಫ್ರೀಜಿಂಗ್ ಆದ್ದರಿಂದ ಯಾವ ದಿನವೂ ಶುರು ಮಾಡಬಹುದು, ಆಪರೇಷನ್ ತಾರೀಖು ಹತ್ತಿರ ಇರುವವರಿಗೆ ಇದು ದೊಡ್ಡ ಅನುಕೂಲ. ಕೋಶ ಮೊದಲೇ ಒಡೆಯದ ಹಾಗೆ ತಡೆಯಲಿಕ್ಕೆ ಐದಾರನೇ ದಿನದಿಂದ ಸೆಟ್ರೊರೆಲಿಕ್ಸ್ 0.25 ಮಿಲಿಗ್ರಾಂ. ಇಲ್ಲದಿದ್ರೆ ಶುರುವಿಂದಲೇ ಮೆಡ್ರಾಕ್ಸಿಪ್ರೊಜೆಸ್ಟರೋನ್ ಮಾತ್ರೆ, ಖರ್ಚು ಅದರಲ್ಲಿ ಎಷ್ಟೋ ಕಡಿಮೆ.

ಹಾಳಾಗುವುದು ಎಲ್ಲಿ ಅಂದ್ರೆ ಫ್ರಿಜ್‌ನಲ್ಲಿ. 2ರಿಂದ 8 ಡಿಗ್ರಿ ಬೇಕು. ಫ್ರೀಜರಿನಲ್ಲಿ ಇಡಲೇಬಾರದು, ಐಸ್ ತಾಗಿದ ಔಷಧಿ ಸತ್ತ ಹಾಗೆ. ಮೀನು ಇಡುವ ಐಸ್ ಡಬ್ಬಿಗೆ ನೇರ ಹಾಕಿ ತರುವವರೂ ಉಂಟು. ಮಧ್ಯೆ ಟವೆಲ್ ಸುತ್ತಿ, ಐಸ್ ಪ್ಯಾಕ್ ಔಷಧಿಗೆ ತಾಗಬಾರದು. ಕೆಲವು ಪೆನ್ನುಗಳ ಮೇಲೆ 25 ಡಿಗ್ರಿಯೊಳಗೆ ಹೊರಗಿಡಬಹುದು ಅಂತ ಬರೆದಿರ್ತದೆ, ನಿಜ. ಆದರೆ ಏಪ್ರಿಲ್ ಮೇ ಸೆಕೆಗೆ ನಮ್ಮ ಮನೆಯೊಳಗೆ 25 ಎಲ್ಲಿ ಉಂಟು? ಮಳೆಗಾಲದಲ್ಲಿ ಗಾಳಿ ಬಂದು ಮರ ಬಿದ್ದು ಮೆಸ್ಕಾಂ ಕರೆಂಟು ದಿನಗಟ್ಟಲೆ ಹೋದ್ರೆ ಇನ್ವರ್ಟರಿಗೆ ಫ್ರಿಜ್ ಎಳೆಯುವುದಿಲ್ಲ. ಎಲ್ಲ ಡೋಸ್ ಒಟ್ಟಿಗೆ ತೆಗೆದುಕೊಳ್ಳದೆ ಮೂರು ನಾಲ್ಕು ದಿನದ್ದು ಮಾತ್ರ ಒಯ್ಯಿರಿ.

ನೋವಿಗೆ ಮೆಫ್ತಾಲ್ ತಿನ್ನುವ ಅಭ್ಯಾಸ ಇದ್ರೆ ಆ ದಿನಗಳಲ್ಲಿ ಸೆಂಟರಿನಲ್ಲಿ ಕೇಳಿಯೇ ತಿನ್ನಿ. ಪ್ಯಾರಾಸಿಟಮಾಲ್ ಆಗ್ತದೆ ಅಂತಲೇ ಹೆಚ್ಚಾಗಿ ಹೇಳ್ತಾರೆ.

ಎಂಬ್ರಿಯೊ_ಲ್ಯಾಬು
ಕೊನೆಯ ಇಂಜೆಕ್ಷನ್, ಅಂದ್ರೆ ಟ್ರಿಗರ್ ಬಗ್ಗೆ ಸೇರಿಸ್ತೇನೆ. ಎರಡು ಮೂರು ಕೋಶ 17-18 ಮಿಲಿಮೀಟರ್ ಆದಾಗ ಕೊಡುವುದು. ಅದಾಗಿ 35-36 ಗಂಟೆಗೆ ಅಂಡಾಣು ತೆಗೀತೇವೆ. ಸೋಮವಾರ ರಾತ್ರಿ 10ಕ್ಕೆ ಚುಚ್ಚಿದ್ರೆ ಬುಧವಾರ ಬೆಳಿಗ್ಗೆ 10ಕ್ಕೆ. ಇದರಲ್ಲಿ ಹೆಚ್ಚು ಆಚೀಚೆ ಆದ್ರೆ ಅಂಡಾಣು ಪಕ್ವ ಆಗದೇ ಇರಬಹುದು, ಇಲ್ಲವೇ ಕೋಶ ಒಡೆದು ಹೋಗಬಹುದು. ಚುಚ್ಚಿದ ಕೂಡಲೇ ಸಮಯ ಬರೆದು ಸೆಂಟರಿಗೆ ಮೆಸೇಜ್ ಮಾಡಿ. ತಡ ಆಗಿದ್ರೆ ಮುಚ್ಚಿಡಬೇಡಿ, ಗೊತ್ತಾದ್ರೆ ನಾವು ಸಮಯ ಮುಂದೆ ಹಾಕ್ತೇವೆ.

ಮಧ್ಯೆ ಎರಡು ಮೂರು ದಿನಕ್ಕೊಂದು ಸ್ಕ್ಯಾನ್ ಇರ್ತದೆ. ಮಣಿಪಾಲಕ್ಕೋ ಮಂಗಳೂರಿಗೋ ದೂರದಿಂದ ಬರುವವರು ಅಂಡಾಣು ತೆಗೆಯುವ ಹಿಂದಿನ ರಾತ್ರಿ ಹತ್ತಿರವೇ ಉಳಿಯುವುದು ಒಳ್ಳೆಯದು, ಮುಖ್ಯವಾಗಿ ಆಟಿ ತಿಂಗಳ ಮಳೆಯಲ್ಲಿ. ಹೆದ್ದಾರಿ 66ರಲ್ಲಿ ನೀರು ನಿಂತು ಬಸ್ಸು ಸಿಕ್ಕಿಬಿದ್ರೆ 36 ಗಂಟೆ ಯಾರನ್ನೂ ಕಾಯುವುದಿಲ್ಲ. ಊಟ 6 ಗಂಟೆ ಮೊದಲೇ ನಿಲ್ಲಿಸ್ಬೇಕು. ವಾಪಸ್ ಹೋಗುವಾಗ ಜತೆಗೆ ಯಾರಾದ್ರೂ ಬೇಕು, ಸ್ಕೂಟರ್ ಬೇಡ.

ಸಿಸ್ಟ್ ಇರುವವರಲ್ಲಿ ಸೂಜಿ ಸಿಸ್ಟಿಗೆ ತಾಗದ ಹಾಗೆ ಪಕ್ಕದಿಂದ ಹೋಗ್ತಾರೆ. ತಾಗಿದ್ರೆ ಆ ಹಳೆ ರಕ್ತ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅದಕ್ಕೇ ಆಂಟಿಬಯಾಟಿಕ್ ಕೊಡುವುದು. ಒಂದೆರಡು ವಾರ ಬಿಟ್ಟು ಜ್ವರ, ಹೊಟ್ಟೆನೋವು ಬಂದ್ರೂ 'ಮುಟ್ಟಿನ ನೋವು' ಅಂತ ಮನೆಯಲ್ಲಿ ಮಲಗಬೇಡಿ. ಕೀವು ತಡವಾಗಿಯೂ ಕಟ್ತದೆ.

ಕೋರ್ಟ್_ರೋಡು
ಕಾನೂನು. ವಿದೇಶಿ ವಿಡಿಯೊ ನೋಡಿ ಇಲ್ಲಿಗೆ ಅನ್ವಯಿಸಬೇಡಿ. ಇಂಗ್ಲೆಂಡಿನಲ್ಲಿ 2022ರ ಜುಲೈಯಿಂದ 55 ವರ್ಷದವರೆಗೆ ಇಡಬಹುದು. ನಮ್ಮಲ್ಲಿ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ, 2022ರ ಜನವರಿ 25ರಿಂದ ಜಾರಿ, ಇಡುವ ಗರಿಷ್ಠ ಅವಧಿ 10 ವರ್ಷ. 24ಕ್ಕೆ ಇಟ್ಟು 38ಕ್ಕೆ ತೆಗೀತೇನೆ ಅನ್ನುವ ಯೋಜನೆ ಇಲ್ಲಿ ಕೂಡುವುದಿಲ್ಲ. 25ಕ್ಕೇ ಎಲ್ಲರೂ ಅನ್ನುವವರಿಗೆ ಇದೂ ಒಂದು ಉತ್ತರ. ಸೇವೆ ಪಡೆಯಲಿಕ್ಕೆ ಹೆಂಗಸಿಗೆ 21 ದಾಟಿರಬೇಕು, 50ರ ಒಳಗಿರಬೇಕು. ಮದುವೆ ಆಗಿರಬೇಕು ಅಂತ ಇಲ್ಲ, ಅಪ್ಪನ ಸಹಿ ಅಥವಾ ಗಂಡನ ಸಹಿ ಅಂಡಾಣುವಿಗೆ ಬೇಡ.

ಅಂಡಾಣು ತೆಗೆಯುವ ಅನುಮತಿ ಇರುವುದು ಲೆವೆಲ್ 2 ನೋಂದಣಿ ಇರುವ ಕ್ಲಿನಿಕ್ಕಿಗೆ. ಲೆವೆಲ್ 1ರವರು ಐಯುಐ (ವೀರ್ಯವನ್ನು ಗರ್ಭಕೋಶದೊಳಗೆ ಹಾಕುವುದು) ಮಾತ್ರ ಮಾಡಬಹುದು. ಪ್ರಮಾಣಪತ್ರ ಕೇಳಿ ನೋಡಿ.

ನಮ್ಮ ಊರಿಗೆ ಮುಖ್ಯವಾದದ್ದು ಎರಡು. ಗಂಡ ದುಬೈಯಲ್ಲೋ ದೋಹಾದಲ್ಲೋ ಇರುವವರು 'ಭ್ರೂಣವೇ ಇಡೋಣ' ಅಂತ ಬರ್ತಾರೆ. ಭ್ರೂಣಕ್ಕೆ ಇಬ್ಬರ ಒಪ್ಪಿಗೆ ಬೇಕು, ನಾಳೆ ಸಂಬಂಧ ಹಾಳಾದ್ರೆ ಒಬ್ಬರೇ ಬಳಸಲಿಕ್ಕೆ ಆಗುವುದಿಲ್ಲ. ಅಂಡಾಣು ಅವಳದ್ದೇ. ನನ್ನ ಅಭಿಪ್ರಾಯ: ಗಟ್ಟಿ ಕಾರಣ ಇಲ್ಲದಿದ್ರೆ ಕೆಲವನ್ನಾದರೂ ಅಂಡಾಣುವಾಗಿಯೇ ಇಡಿ. ಎರಡನೆಯದು, ಮುಂದೆ ಗಲ್ಫಿಗೋ ಬೇರೆ ಊರಿಗೋ ಹೋಗಿ ಅಲ್ಲಿಗೆ ಸಾಗಿಸುವುದು. ಸ್ವಂತದ್ದನ್ನು ಸ್ವಂತ ಬಳಕೆಗೆ ಸಾಗಿಸಲಿಕ್ಕೂ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು ಅಂತ ಕಾಯ್ದೆ ಹೇಳ್ತದೆ. ಸೂಟ್‌ಕೇಸಿನ ಜತೆ ಹೋಗುವ ಸಾಮಾನಲ್ಲ.

ಬಲ್ಮಠ_ಬಸ್‌ಸ್ಟಾಪ್
ಖರ್ಚು?

ಕುಂದಾಪುರ_ಮೆಡಿಕಲ್ಸ್
ಒಂದು ಸಲಕ್ಕೆ ಹೆಚ್ಚಾಗಿ ಒಂದೂವರೆಯಿಂದ ಎರಡೂವರೆ ಲಕ್ಷದ ಆಸುಪಾಸು, ಇಂಜೆಕ್ಷನ್ ಡೋಸ್ ಏರಿದ ಹಾಗೆ ಬಿಲ್ಲೂ ಏರ್ತದೆ. 'ಬರೇ 99 ಸಾವಿರ' ಅಂತ ಪೋಸ್ಟರ್ ಕಂಡ್ರೆ ಔಷಧಿ, ಅರಿವಳಿಕೆ, ಮೊದಲ ವರ್ಷದ ಸಂಗ್ರಹ ಸೇರಿ ಉಂಟಾ ಅಂತ ಬರೆಸಿಕೊಳ್ಳಿ. ಮುಂದೆ ಕರಗಿಸಿ ಭ್ರೂಣ ಮಾಡಿ ಹಾಕುವ ಖರ್ಚು ಬೇರೆಯೇ. ಸಾಮಾನ್ಯ ಆರೋಗ್ಯ ವಿಮೆ ಲ್ಯಾಪರೋಸ್ಕೋಪಿಗೆ ಕೊಟ್ಟರೂ ಫ್ರೀಜಿಂಗ್‌ಗೆ ಹೆಚ್ಚಾಗಿ ಕೊಡುವುದಿಲ್ಲ.

ಕಾಪು_ದೀಪಸ್ತಂಭ
ಕಷಾಯದವರ ಬಗ್ಗೆ ಯಾರೂ ಬರೀಲಿಲ್ಲ.

ಸ್ಕ್ಯಾನ್_ರೂಮು
ಅವರು ತೋರಿಸುವ 'ಮೊದಲು–ಆಮೇಲೆ' ಸ್ಕ್ಯಾನುಗಳಲ್ಲಿ ಸುಮಾರು ಸಲ ಅದು ಚಾಕೊಲೇಟ್ ಸಿಸ್ಟೇ ಆಗಿರುವುದಿಲ್ಲ. ಮುಟ್ಟಿನ ಚಕ್ರದಲ್ಲಿ ಬರುವ ಸಾದಾ ನೀರಿನ ಸಿಸ್ಟ್, ರಕ್ತ ತುಂಬಿದ ಕೋಶ, ಇವು ಒಂದೆರಡು ತಿಂಗಳಲ್ಲಿ ತಾನಾಗಿ ಹೋಗ್ತವೆ. ಕುಡಿದ ಕಷಾಯಕ್ಕೆ ಹೆಸರು ಬರ್ತದೆ. ಅದಕ್ಕೇ ಹೊಸದಾಗಿ ಸಿಸ್ಟ್ ಕಂಡವರಿಗೆ ನಾವು ಆರೆಂಟು ವಾರ ಬಿಟ್ಟು, ಆ ತಿಂಗಳ ಮುಟ್ಟಿನ ರಕ್ತ ನಿಂತ ಕೂಡಲೇ ಇನ್ನೊಂದು ಸ್ಕ್ಯಾನ್ ಹೇಳುವುದು. ಕಷಾಯ ಕುಡಿದು ಎರಡು ವರ್ಷ ಕಾದವರಿಗೆ ನಷ್ಟ ಆಗುವುದು ದುಡ್ಡಿಗಿಂತ ಆ ಎರಡು ವರ್ಷ.

ಕದ್ರಿಗುಡ್ಡೆ
ತುಂಬ ಉಪಕಾರ. ಕೊನೆಗೆ ಒಂದು: ಒಪಿಡಿಯಲ್ಲಿ ಐದು ನಿಮಿಷ ಸಿಗ್ತದೆ. ಎಂತ ಕೇಳ್ಬೇಕು?

ಓಟಿ_ಹಸಿರು
'ಎಎಂಎಚ್, ಎಎಫ್‌ಸಿ ಎರಡೂ ಆಪರೇಷನ್‌ಗೆ ಮುಂಚೆ ನೋಡುವನಾ? ಈ ಆಪರೇಷನ್ ನೋವಿಗಾ, ಮಗುವಿಗಾ, ಇಲ್ಲ ಸಿಸ್ಟ್ ಕಂಡಿದೆ ಅಂತಲಾ? ಈಗ ಮಾಡದಿದ್ರೆ ಎಂತ ಆಗ್ತದೆ?' ಇಷ್ಟು ಸಾಕು. ಐವಿಎಫ್‌ಗೆ ಮೊದಲು ಎಲ್ಲ ಚಾಕೊಲೇಟ್ ಸಿಸ್ಟ್ ತೆಗೆಯಲೇಬೇಕು ಅಂತ ಇಲ್ಲ, ಹಾಗಾಗಿ ಮೂರನೇ ಪ್ರಶ್ನೆಗೆ ಉತ್ತರ ಸಿಗದೆ ಸಹಿ ಹಾಕಬೇಡಿ. ಆಪರೇಷನ್ ಆಗಲೇಬೇಕು ಅಂತಾದ್ರೆ ಆಮೇಲೆ ಮರುಕಳಿಸದ ಹಾಗೆ ಯಾವ ಮಾತ್ರೆ, ಎಷ್ಟು ಸಮಯ ಅಂತಲೂ ಅವತ್ತೇ ಕೇಳಿ. ಸದ್ಯ ಮಗು ಬೇಡ ಅನ್ನುವವರಿಗೆ ಕನಿಷ್ಠ ಒಂದೂವರೆ ಎರಡು ವರ್ಷ ಹಾರ್ಮೋನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ಬೇಕು.

ಎಂಬ್ರಿಯೊ_ಲ್ಯಾಬು
ಇಟ್ಟವರಿಗೆ ಒಂದು ಸೂಚನೆ: ಸಂಗ್ರಹದ ಶುಲ್ಕ ವರ್ಷ ವರ್ಷ ಕಟ್ಟಬೇಕು, ನೆನಪಿಸುವ ಫೋನ್ ಹೋಗುವುದು ನೀವು ಮೊದಲ ದಿನ ಕೊಟ್ಟ ನಂಬರಿಗೆ. ಮದುವೆ ಆಗಿ ಊರು, ಸಿಮ್ ಎರಡೂ ಬದಲಾದವರು ಸೆಂಟರಿಗೆ ಹೊಸ ನಂಬರು, ವಿಳಾಸ, ಇ-ಮೇಲ್ ಬರೆದು ಕೊಟ್ಟು ಸ್ವೀಕೃತಿ ತೆಗೆದಿಡಿ. ಡಿಸ್ಚಾರ್ಜ್ ಹಾಳೆಯಲ್ಲಿ ಎಷ್ಟು ಎಂ-2, ಯಾವ ತಾರೀಖು, ಎಷ್ಟು ಸ್ಟ್ರಾದಲ್ಲಿ (ಅಂಡಾಣು ಇಡುವ ಸಣ್ಣ ಕೊಳವೆ) ಅಂತ ಇರಬೇಕು, ಇಲ್ಲದಿದ್ರೆ ಕೇಳಿ ಬರೆಸಿಕೊಳ್ಳಿ.